ಮಗಳ ಖರ್ಚಿನ ಪುಸ್ತಕ ಹಿಡಿದು ಲಂಡನ್ನಿನಲ್ಲಿ

ಪ್ರವಾಸಕ್ಕೆ ಹೊರಟವರು ಸಾಮಾನ್ಯವಾಗಿ ನಕ್ಷೆಯನ್ನೋ ಮಾರ್ಗದರ್ಶಿ ಪುಸ್ತಕವನ್ನೋ ಕೈಯಲ್ಲಿ ಹಿಡಿದಿರುತ್ತಾರೆ. 2025ರ ಮೇ ತಿಂಗಳಲ್ಲಿ ನಾವು ಲಂಡನ್ ನಗರವನ್ನು ನೋಡಿದ್ದು ನಮ್ಮ ಮಗಳ ಲೆಕ್ಕದ ಪುಸ್ತಕವೊಂದನ್ನು ಹಿಡಿದುಕೊಂಡು. ಹಿಂದಿನ ವರ್ಷ ಅವಳು ಶಾಲೆಯ ತಂಡದೊಡನೆ, ನಾವಿಲ್ಲದೆ, ಹತ್ತು ದಿನ ಆ ಊರಿನಲ್ಲಿದ್ದಳು. ಆಗ ಅವಳಿಗೆ 16 ವರ್ಷ. ದಿನದ ಖರ್ಚನ್ನು ಬಿಡದೆ ಬರೆದಿಡಬೇಕೆಂದು ಆ ಪುಸ್ತಕವನ್ನು ಕೊಟ್ಟು ಕಳುಹಿಸಿದವರು ನಾವೇ. ಈ ಬಾರಿ ಬಂಧುಗಳ ಮನೆಯ ಸಮಾರಂಭಕ್ಕೆಂದು ಮೂವರೂ ಹೋದಾಗ ಅದೇ ನಮಗೆ ದಾರಿ ತೋರಿಸಿತು. ನಮ್ಮ ತಪ್ಪನ್ನೂ ತೋರಿಸಿತು.

ಮಗಳನ್ನು ಒಬ್ಬಳೇ ಪರದೇಶಕ್ಕೆ ಕಳುಹಿಸುವಾಗ ನಾವು ಮಾಡಿದ ಸಿದ್ಧತೆ ಸಣ್ಣದಾಗಿರಲಿಲ್ಲ. ಹದಿನೆಂಟು ತುಂಬದವರಿಗೂ ರಿಸರ್ವ್ ಬ್ಯಾಂಕಿನ ನಿಯಮದಂತೆ ವಿದೇಶಿ ಹಣ ಪಡೆಯಲು ಅವಕಾಶವಿದೆ. ಅರ್ಜಿಗೆ ಪಾಲಕರ ಸಹಿ ಬೇಕು. ಹೀಗೆ ಸಹಿ ಮಾಡಿ, 150 ಪೌಂಡ್ ತುಂಬಿದ ಕಾರ್ಡೊಂದನ್ನು ಕೊಡಿಸಿದೆವು. ಬೆಳಗಿನ ಉಪಾಹಾರವೂ ರಾತ್ರಿಯ ಊಟವೂ ಶಾಲೆಯವರ ವ್ಯವಸ್ಥೆಗೆ ಸೇರಿದ್ದವು. ಮಧ್ಯಾಹ್ನದ ಊಟ, ಬಸ್ಸಿನ ಖರ್ಚು, ಕಾಣಿಕೆಗಳು ಅವಳ ಪಾಲಿಗೆ.

ಇದರ ಜೊತೆಗೆ ಅಜ್ಜನ ಕೊಡುಗೆ. 1996ರಲ್ಲಿ ಲಂಡನ್ನಿಗೆ ಹೋಗಿ ಬಂದಿದ್ದ ಅವರು ಉಳಿದ 60 ಪೌಂಡುಗಳನ್ನು ಟ್ರಂಕಿನಲ್ಲಿ ಮಡಿಕೆ ಬೀಳದಂತೆ ಕಾಪಾಡಿಕೊಂಡಿದ್ದರು. ವಿಜ್ಞಾನಿ ಮೈಕೆಲ್ ಫ್ಯಾರಡೆಯ ಚಿತ್ರವಿರುವ ಇಪ್ಪತ್ತರ ಎರಡು ನೋಟು, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಚಿತ್ರವಿರುವ ಹತ್ತರ ಎರಡು ನೋಟು. ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಅವನ್ನು ಮೊಮ್ಮಗಳ ಕೈಯಲ್ಲಿಟ್ಟರು. ನಾವು ಕೂಡಲೇ ಕಟ್ಟಪ್ಪಣೆ ಮಾಡಿದೆವು: "ಈ ಅರವತ್ತು ಪೌಂಡು ಆಪದ್ಧನ. ಇದನ್ನು ಮುಟ್ಟಕೂಡದು." ಪೌಂಡಿಗೆ ಆಗ ಸುಮಾರು 105 ರೂಪಾಯಿ. ಏನನ್ನಾದರೂ ಕೊಳ್ಳುವ ಮೊದಲು ಬೆಲೆಯನ್ನು ನೂರಾ ಐದರಿಂದ ಗುಣಿಸಿ ನೋಡು ಎಂದೂ ಹೇಳಿದೆವು.

ಅವಳು ಹಿಂದಿರುಗಿದಾಗ ಕಾರ್ಡಿನಲ್ಲಿ 62 ಪೌಂಡ್ ಉಳಿದಿತ್ತು. ಮಗಳ ಮಿತವ್ಯಯವನ್ನು ನಾವು ನೆಂಟರಿಷ್ಟರ ಮುಂದೆ ಹೊಗಳಿದ್ದೇ ಹೊಗಳಿದ್ದು. ಪುಸ್ತಕದ ಪುಟಗಳನ್ನು ಮಾತ್ರ ಸರಿಯಾಗಿ ಓದಲಿಲ್ಲ.

ಓದಿದ್ದು ಲಂಡನ್ನಿನಲ್ಲಿ. ಮೊದಲ ದಿನ ಬ್ರಿಟಿಷ್ ಮ್ಯೂಸಿಯಂ ನೋಡಿ ಹೊರಬಂದಾಗ ಹೊಟ್ಟೆ ಹಸಿದಿತ್ತು. ಮ್ಯೂಸಿಯಂ ಪ್ರವೇಶಕ್ಕೆ ಶುಲ್ಕವಿಲ್ಲ. ಹಸಿವಿಗೆ ಅಂಥ ರಿಯಾಯಿತಿ ಇಲ್ಲ. ಸಮೀಪದ ಅಂಗಡಿಯಲ್ಲಿ ಒಂದು ಸ್ಯಾಂಡ್‌ವಿಚ್, ಒಂದು ಪೇಯ, ಚಿಪ್ಸಿನ ಒಂದು ಪೊಟ್ಟಣ ಸೇರಿ ಸುಮಾರು 4 ಪೌಂಡ್. ಅಲ್ಲಿ ಇದಕ್ಕಿಂತ ಅಗ್ಗದ ಮಧ್ಯಾಹ್ನದ ಊಟ ನಮಗೆ ಕಾಣಲಿಲ್ಲ. ಅಲ್ಲಿಯೇ ಕುಳಿತು ಪುಸ್ತಕ ತೆರೆದೆವು. ಹಿಂದಿನ ವರ್ಷ ಅದೇ ಜಾಗದಲ್ಲಿ ಅವಳ ಬರಹ: "ಬ್ರೆಡ್ — 1.40." ಮರುದಿನ: "ಬಾಳೆಹಣ್ಣು — 0.95." ಮೂರನೆಯ ದಿನ ಊಟದ ಸಾಲೇ ಇಲ್ಲ. ಊರಿನಲ್ಲಿ ಓದಿದಾಗ ಮಿತವ್ಯಯವೆಂದು ಕಂಡ ಅಂಕೆಗಳು ಆ ಬೀದಿಯಲ್ಲಿ ಹಸಿವೆಂದು ತಿಳಿದವು.

ನಾಲ್ಕನೆಯ ದಿನ ಗ್ರೀನಿಚ್‌ಗೆ ಹೋದೆವು. ಉದ್ಯಾನದ ನಡುವಿನ ಗುಡ್ಡದ ಮೇಲೆ ರಾಯಲ್ ವೀಕ್ಷಣಾಲಯ. ಕೆಳಗೆ ಥೇಮ್ಸ್ ನದಿ, ಆಚೆ ಗಗನಚುಂಬಿ ಕಟ್ಟಡಗಳು. ಶೂನ್ಯ ರೇಖಾಂಶವು ಇದೇ ಅಂಗಳದಲ್ಲಿ ಹಾಯುವುದೆಂದು 1884ರ ವಾಷಿಂಗ್ಟನ್ ಸಮ್ಮೇಳನವು ಒಪ್ಪಿತು. ಬಾಗಿಲ ಬಳಿಯ ಗೋಡೆಯಲ್ಲಿ ಇಪ್ಪತ್ನಾಲ್ಕು ಗಂಟೆಗಳ ಮುಖವಿರುವ ಗಡಿಯಾರ. ಅಲ್ಲಿಯವರು ಬೇಸಗೆಯಲ್ಲಿ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟರೂ ಇದು ಮಾತ್ರ ವರ್ಷವಿಡೀ ಗ್ರೀನಿಚ್ ಕಾಲವನ್ನೇ ತೋರಿಸುತ್ತದೆ. ಮಗಳು ಚಿಕ್ಕಂದಿನಿಂದ ಭೂಗೋಳದ ಹುಚ್ಚಿನವಳು. ಈ ರೇಖೆಯ ಮೇಲೆ ನಿಲ್ಲುವುದು ಅವಳ ಬಹುದಿನದ ಆಸೆ. ಪುಸ್ತಕದಲ್ಲಿ ಮಾತ್ರ "ಗ್ರೀನಿಚ್ — 0" ಎಂದಿತ್ತು. ಅಂಗಳದೊಳಗೆ ಹೋಗಲು ಶುಲ್ಕವಿರುವುದು ಅಲ್ಲಿಗೆ ಹೋದ ಮೇಲೆಯೇ ನಮಗೆ ಗೊತ್ತಾಯಿತು.

"ಒಳಗೆ ಹೋಗಲಿಲ್ಲವೇ?" ಎಂದು ಕೇಳಿದೆವು. ಆಗ ಅವಳು ವರ್ಷದ ಹಿಂದೆ ಹೇಳದಿದ್ದ ಮಾತನ್ನು ಹೇಳಿದಳು. ಎರಡನೆಯ ದಿನ ಅಂಗಡಿಯಾತನೊಬ್ಬನು ಅಜ್ಜನ ನೋಟನ್ನು ನೋಡಿ, ಇದು ನಡೆಯುವುದಿಲ್ಲವೆಂದು ಹಿಂದಿರುಗಿಸಿದ್ದನು. ಚಿಲ್ಲರೆಯಾಗಿಸಿ ಇಟ್ಟುಕೊಳ್ಳೋಣವೆಂದು ಅವಳು ಅದನ್ನು ತೋರಿಸಿದ್ದಳು. ಆಪದ್ಧನ ಇಲ್ಲವಾಯಿತಲ್ಲ! ನಮ್ಮ ಅಪ್ಪಣೆಯಂತೆ 60 ಪೌಂಡ್ ಮುಟ್ಟದೆ ಇರಲೇಬೇಕು. ಅದನ್ನು ಅವಳು ಕಾರ್ಡಿನಲ್ಲಿಯೇ ಎತ್ತಿಟ್ಟಳು. ಹತ್ತು ದಿನಗಳಿಗೆ ಉಳಿದದ್ದು 90 ಪೌಂಡ್. ಅದರಲ್ಲೂ ನೂರಾ ಐದರ ಮಗ್ಗಿ. "ಫೋನಿನಲ್ಲಿ ಹೇಳಬಾರದಿತ್ತೇ?" ಎಂದರೆ, "ಅಜ್ಜಗ ಕೆಟ್ಟ ಅನಸ್ತಿತ್ತವ್ವಾ" ಎಂದಳು. ನಾವು ಸ್ವಲ್ಪ ಹೊತ್ತು ಗಡಿಯಾರವನ್ನೇ ನೋಡುತ್ತ ನಿಂತೆವು.

ನೋಟುಗಳು ಈಗಲೂ ಅವಳ ಪಾಸ್‌ಪೋರ್ಟಿನ ಚೀಲದಲ್ಲಿದ್ದವು. ಮರುದಿನ ಮೂವರೂ ಥ್ರೆಡ್‌ನೀಡಲ್ ಬೀದಿಗೆ ಹೋದೆವು. 1694ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ಭವನ ಅಲ್ಲಿದೆ. ಫ್ಯಾರಡೆಯ ನೋಟು 2001ರಲ್ಲಿಯೂ ಡಿಕನ್ಸ್‌ನ ನೋಟು 2003ರಲ್ಲಿಯೂ ಚಲಾವಣೆಯಿಂದ ಹೋಗಿದ್ದವು. ಹೀಗಾಗಿ ಅಂಗಡಿಯಾತನದು ತಪ್ಪಲ್ಲ. ಕಾಗದದ ಇಪ್ಪತ್ತು ಮತ್ತು ಐವತ್ತರ ನೋಟುಗಳು ಕೂಡ 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಗಳಲ್ಲಿ ನಡೆಯುವುದಿಲ್ಲ. ಆದರೆ ತಾನು ಹೊರಡಿಸಿದ ಯಾವುದೇ ಹಳೆಯ ನೋಟಿನ ಮೌಲ್ಯವನ್ನು ಈ ಬ್ಯಾಂಕು ಎಂದೆಂದಿಗೂ ಕೊಡುತ್ತದೆ. ಸಾಲಿನಲ್ಲಿ ನಿಂತು, ಅಜ್ಜನ ನಾಲ್ಕು ನೋಟುಗಳನ್ನು ಕೊಟ್ಟು, 60 ಪೌಂಡಿನ ಹೊಸ ನೋಟುಗಳನ್ನು ಪಡೆದೆವು. ಒಂದು ವರ್ಷದ ಹಿಂದೆ ನಾವು ಈ ವಿಷಯವನ್ನು ವಿಚಾರಿಸಿದ್ದರೆ ಮಗಳ ಹೊಟ್ಟೆ ತಣ್ಣಗಿರುತ್ತಿತ್ತು.

ಮಕ್ಕಳನ್ನು ಕಳುಹಿಸಲಿರುವ ಪಾಲಕರಿಗೆ ನಮ್ಮ ಅನುಭವದಿಂದ ಕೆಲವು ಮಾತು. ಮನೆಯಲ್ಲಿ ಉಳಿದಿರುವ ವಿದೇಶಿ ನೋಟುಗಳು ಈಗ ನಡೆಯುತ್ತವೆಯೇ ಎಂದು ಮೊದಲು ತಿಳಿದುಕೊಳ್ಳಬೇಕು. ಲಂಡನ್ನಿನ ಬಸ್ಸುಗಳು 2014ರ ಜುಲೈಯಿಂದ ನಗದು ತೆಗೆದುಕೊಳ್ಳುವುದಿಲ್ಲ. ಕಾರ್ಡು ಬೇಕೇ ಬೇಕು. ಕಾರ್ಡಿನ ಯಂತ್ರವು ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ಸಾಮಾನ್ಯವಾಗಿ ದರ ದುಬಾರಿ ಬೀಳುತ್ತದೆ. ಪ್ರವಾಸಿಗಳಿಗೆ ಅಂಗಡಿಯ ಖರೀದಿಯ ಮೇಲೆ ತೆರಿಗೆ ಹಿಂದಿರುಗಿಸುವ ಪದ್ಧತಿ ಅಲ್ಲಿ 2021ರ ಜನವರಿಯಿಂದ ನಿಂತಿದೆ. ಅದನ್ನು ನಂಬಿ ಲೆಕ್ಕ ಹಾಕಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ಹಣದ ಜೊತೆಗೆ ನಾವು ಕೊಡುವ ಮಾತು. ಎಷ್ಟು ಉಳಿಸಬೇಕೆಂದು ಹೇಳಿದೆವು. ಯಾವುದನ್ನು ಖರ್ಚು ಮಾಡಲೇಬೇಕೆಂದು ಹೇಳಲಿಲ್ಲ. ಊಟದ ಹಣವನ್ನು ದಿನಕ್ಕಿಷ್ಟೆಂದು ಆ ದೇಶದ ನಾಣ್ಯದಲ್ಲಿಯೇ ಗೊತ್ತುಮಾಡಿ, ಅದು ಉಳಿದು ಬಂದರೆ ನಮಗೆ ಸಂತೋಷವಿಲ್ಲವೆಂದು ತಿಳಿಸಬೇಕು. ಮಗುವಿನ ಮನಸ್ಸಿಗೆ ಬಂದುದಕ್ಕೆಂದು ಲೆಕ್ಕ ಕೇಳದ ಒಂದಿಷ್ಟು ಹಣವಿರಬೇಕು. ಆಪದ್ಧನಕ್ಕೆ ಏನಾದರೂ ಆದರೆ ಅದೇ ಆಪತ್ತು, ಕೂಡಲೇ ಶಿಕ್ಷಕರಿಗೆ ಹೇಳು, ನಮಗೆ ಫೋನು ಮಾಡು ಎಂಬ ಧೈರ್ಯವನ್ನೂ ಕೊಟ್ಟು ಕಳುಹಿಸಬೇಕು.

ಹೊಸ ನೋಟುಗಳೊಡನೆ ನಾವು ಮತ್ತೆ ಗ್ರೀನಿಚ್‌ಗೆ ಹೋದೆವು. ಮಗಳು ರೇಖೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತು ಧಾರವಾಡಕ್ಕೆ ಫೋನು ಮಾಡಿದಳು: "ಅಜ್ಜಾ, ನಿಮ್ಮ ನೋಟು ನಡದ್ವು ನೋಡ್ರಿ!" ಆಮೇಲೆ ಪುಸ್ತಕ ತೆಗೆದು, ಹಳೆಯ ಸೊನ್ನೆಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಬರೆದಳು: "ಗ್ರೀನಿಚ್ — ಅಜ್ಜನ ಲೆಕ್ಕ." ನಾವು ಗುಣಿಸಲಿಲ್ಲ.