ಕಲಬುರಗಿಯಲ್ಲಿ ಕೇಳಿದ ಲೈಲಾ

ಲೈಲಾ ಎಂಬ ಹೆಸರು ಕಲಬುರಗಿಗೆ ಹೊಸತಲ್ಲ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಈ ನಗರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ ಪಾರಸಿಯು ಇಲ್ಲಿನ ಆಸ್ಥಾನದಲ್ಲಿಯೂ ಸೂಫಿಗಳ ಆಶ್ರಮಗಳಲ್ಲಿಯೂ ನೆಲೆಸಿತು. ಒಂದು ಭಾಷೆ ಬಂದ ನೆಲಕ್ಕೆ ಅದರ ಕಾವ್ಯಗಳ ನಾಯಕನಾಯಿಕೆಯರೂ ಬಾರದಿರರು. ಅರಬ್ಬರ ಮರುಭೂಮಿಯಲ್ಲಿ ಹುಟ್ಟಿ, 1188ರಲ್ಲಿ ಗಂಜಾ ಪಟ್ಟಣದ ಕವಿ ನಿಜಾಮಿಯ ಲೇಖನಿಯಿಂದ ಕಾವ್ಯರೂಪವನ್ನು ತಾಳಿದ ಲೈಲಾ ಮಜನೂ ಕಥೆಯನ್ನು ಓದಿ ಅರಿಯದವರೂ ನಮ್ಮ ಓಣಿಗಳಲ್ಲಿ ಪ್ರೇಮದಿಂದ ಮೈಮರೆತ ಹುಡುಗನನ್ನು ಮಜನೂ ಎಂದೇ ಕರೆಯುವರು. ಅದೇ ಲೈಲಾ 1970ರಲ್ಲಿ ಅಮೆರಿಕದ ಮಯಾಮಿ ನಗರದ ಕ್ರೈಟೀರಿಯಾ ಸ್ಟುಡಿಯೋದಲ್ಲಿ, ವಿದ್ಯುತ್ ಗಿಟಾರುಗಳ ನಡುವೆ, ಮತ್ತೊಮ್ಮೆ ಜನ್ಮವೆತ್ತಿದಳು. ‘ಡೆರೆಕ್ ಅಂಡ್ ದಿ ಡಾಮಿನೋಸ್’ ತಂಡದ ‘ಲೈಲಾ ಅಂಡ್ ಅದರ್ ಅಸಾರ್ಟೆಡ್ ಲವ್ ಸಾಂಗ್ಸ್’ ಎಂಬ ಆ ಜೋಡಿ ಧ್ವನಿಮುದ್ರಿಕೆಯನ್ನು ನಾನು ಬಹುಕಾಲದಿಂದ ಪ್ರೀತಿಸುತ್ತ ಬಂದಿದ್ದೇನೆ. ಒಬ್ಬನ ಸ್ವಂತ ದುಃಖವು ಹಿರಿಯರ ಹಾಡುಗಳ ಆಶ್ರಯವನ್ನು ಪಡೆದಾಗಲೇ ಎಲ್ಲರ ಹಾಡಾಗುವುದೆಂಬ ಸತ್ಯವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಇನ್ನೊಂದು ರಾಕ್ ಸಂಪುಟವನ್ನು ನಾನು ಕೇಳಿಲ್ಲ.

ಎರಿಕ್ ಕ್ಲಾಪ್ಟನ್ ಆಗ ಇಪ್ಪತ್ತೈದರ ತರುಣ. ಗಿಟಾರುವಾದನದಿಂದ ಅವನು ಸಂಪಾದಿಸಿದ್ದ ಕೀರ್ತಿ ಅವನಿಗೇ ಭಾರವಾಗಿ, ಡೆರೆಕ್ ಎಂಬ ಕಲ್ಪಿತ ನಾಮದ ಮರೆಯನ್ನು ಸೇರಿದ್ದನು. ಅವನ ಮನಸ್ಸು ತನ್ನ ಆಪ್ತಮಿತ್ರ ಜಾರ್ಜ್ ಹ್ಯಾರಿಸನ್ನನ ಪತ್ನಿ ಪ್ಯಾಟಿ ಬಾಯ್ಡ್‌ಳಲ್ಲಿ ನೆಟ್ಟು, ಹೇಳಲಾಗದ, ಹೇಳಿದರೂ ನೆರವೇರದ ಬಯಕೆಯಿಂದ ಬೇಯುತ್ತಿದ್ದ ಸಮಯದಲ್ಲಿ, ಇಯಾನ್ ಡಲ್ಲಾಸ್ ಎಂಬ ಸ್ನೇಹಿತನ ಮೂಲಕ ನಿಜಾಮಿಯ ಕಾವ್ಯ ಅವನಿಗೆ ಪರಿಚಯವಾಯಿತು. ಆ ಕಾವ್ಯದಲ್ಲಿಯೂ ಲೈಲಾ ಅನ್ಯನ ಕೈಹಿಡಿಯುವಳು. ಮಜನೂ ಅರಣ್ಯದ ಮೃಗಗಳನ್ನೇ ಬಂಧುಗಳನ್ನಾಗಿ ಮಾಡಿಕೊಂಡು ಅವಳ ಹೆಸರನ್ನು ಹಾಡುತ್ತ ಅಲೆಯುವನು. ಕ್ಲಾಪ್ಟನ್ನನ ಬಯಕೆಯನ್ನು ನೀತಿಯ ತಕ್ಕಡಿಯಲ್ಲಿಟ್ಟು ತೂಗುವುದು ನನ್ನ ಉದ್ದೇಶವಲ್ಲ. ತನ್ನ ಎದೆಯ ತಾಪಕ್ಕೆ ಎಂಟುನೂರು ವರ್ಷಗಳಷ್ಟು ಹಿಂದಿನ ಕವಿಯೊಬ್ಬನು ಮಾತು ಕೊಟ್ಟಿರುವುದನ್ನು ಕಂಡು ಅವನು ಬೆರಗಾದುದೂ, ‘ಐ ಆ್ಯಮ್ ಯುವರ್ಸ್’ ಎಂಬ ಮೆಲುದನಿಯ ಗೀತದಲ್ಲಿ ಆ ಕವಿಯ ಪದಗಳನ್ನೇ ತಂದು, ರಚನಕಾರರ ಸ್ಥಾನದಲ್ಲಿ ತನ್ನ ಹೆಸರಿನ ಜೊತೆಗೆ ನಿಜಾಮಿಯ ಹೆಸರನ್ನು ನಿಲ್ಲಿಸಿದುದೂ ನನಗೆ ಪೂಜ್ಯವಾಗಿ ತೋರುತ್ತವೆ. ಮುಖಪುಟದ ಮೇಲೆ ತಂಡದ ಹೆಸರಾಗಲಿ ಸಂಪುಟದ ಹೆಸರಾಗಲಿ ಇರಲಿಲ್ಲ. ಹೂಗೊಂಚಲಿನ ಬಳಿಯ ಯುವತಿಯ ಚಿತ್ರವೊಂದೇ ಇದ್ದಿತು. ತನ್ನ ಹೆಸರನ್ನು ಹಿಂದಕ್ಕಿಟ್ಟು ಗುರುವಿನ ಹೆಸರನ್ನು ಅಂಕಿತವಾಗಿ ಹಾಡುವ ತತ್ವಪದಕಾರರ ಸೀಮೆಯಲ್ಲಿ ಬೆಳೆದ ನನಗೆ ಈ ಮರೆವೇಷವು ವಿಚಿತ್ರವೆನಿಸಲಿಲ್ಲ.

ಕ್ಲಾಪ್ಟನ್ ಆಶ್ರಯಿಸಿದ ಹಿರಿಯರ ಹಾಡುಗಳಲ್ಲಿ ಹೆಚ್ಚಿನವು ಬ್ಲೂಸ್ ಪರಂಪರೆಯವು. ಮಿಸಿಸಿಪ್ಪಿಯ ತೀರದ ಹತ್ತಿಯ ಹೊಲಗಳಲ್ಲಿ, ದಾಸ್ಯದಿಂದ ಬಿಡುಗಡೆ ಪಡೆದೂ ದಾರಿದ್ರ್ಯದಿಂದ ಬಿಡುಗಡೆ ಕಾಣದ ಆಫ್ರಿಕನ್ ಮೂಲದ ಜನರ ಕಂಠದಲ್ಲಿ ರೂಪುಗೊಂಡ ಬ್ಲೂಸ್ ಗಾನದ ರಚನೆ ಸರಳವಾದುದು: ಹನ್ನೆರಡು ಆವರ್ತಗಳ ಒಂದು ಸುತ್ತು, ಮೊದಲ ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ಪದಗಳನ್ನು ಏಕತಾರಿ ದಮ್ಮಡಿಗಳೊಡನೆ ಇರುಳಿಡೀ ಭಜನೆಯಲ್ಲಿ ಹಾಡುವವರನ್ನು ಕೇಳಿದವರಿಗೆ ಈ ಪುನರುಕ್ತಿಯ ಮರ್ಮವನ್ನು ವಿವರಿಸಬೇಕಾಗಿಲ್ಲ. ಮುಂದಾಳು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿದು ಮರಳಿ ಮರಳಿ ಹಾಡುವಾಗ, ಮೊದಲು ಒಬ್ಬನದಾಗಿದ್ದ ಮಾತು ಮೂರನೆಯ ಸುತ್ತಿಗೆ ಕುಳಿತವರೆಲ್ಲರದೂ ಆಗಿರುತ್ತದೆ. ಹದಿನಾಲ್ಕು ಹಾಡುಗಳ ಈ ಸಂಪುಟದಲ್ಲಿ ಐದು ಅನ್ಯರ ಹಾಡುಗಳು. 1929ರಲ್ಲಿ ಬೆಸ್ಸಿ ಸ್ಮಿತ್ ಹಾಡಿದ ‘ನೋಬಡಿ ನೋಸ್ ಯೂ ವೆನ್ ಯೂ ಆರ್ ಡೌನ್ ಅಂಡ್ ಔಟ್’ ಒಂದು. ಹೆಂಡ್ರಿಕ್ಸನ ‘ಲಿಟಲ್ ವಿಂಗ್’ ಇನ್ನೊಂದು, ಆ ಮಹಾವಾದಕನಿಗೆ ಗೌರವವೆಂದು ತಂಡದವರು ಅದನ್ನು ಮುದ್ರಿಸಿದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 18ರಂದು, ಅವನು ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ನನ್ನನ್ನು ಅತ್ಯಂತವಾಗಿ ಕಲಕಿದುದು ‘ಹ್ಯಾವ್ ಯೂ ಎವರ್ ಲವ್ಡ್ ಎ ವುಮನ್’. ಬಿಲ್ಲಿ ಮೈಲ್ಸ್ ರಚಿಸಿದ, 1960ರಲ್ಲಿ ಫ್ರೆಡ್ಡಿ ಕಿಂಗ್ ಹಾಡಿದ ಆ ಗೀತದ ವಸ್ತು ಮಿತ್ರನ ಮಡದಿಯನ್ನು ಪ್ರೀತಿಸಿದವನ ಸಂಕಟವೇ. ತನ್ನ ಬಾಳಿನಲ್ಲಿ ಒದಗಿದ ಗುಟ್ಟಿನ ನೋವನ್ನು ಹತ್ತು ವರ್ಷ ಮೊದಲೇ ಅಪರಿಚಿತನೊಬ್ಬನು ಬರೆದಿಟ್ಟಿದ್ದನೆಂಬ ಅರಿವಿನಲ್ಲಿ ಕ್ಲಾಪ್ಟನ್ ಅದನ್ನು ಹಾಡುವಾಗ, ಅಹಂಕಾರವೆಲ್ಲ ಕರಗಿ, ದುಃಖಿತರ ಒಂದು ದೊಡ್ಡ ಪಂಕ್ತಿಯಲ್ಲಿ ಕೊನೆಯವನಾಗಿ ಕುಳಿತವನ ವಿನಯ ಆ ಕಂಠದಲ್ಲಿ ಕೇಳಿಬರುತ್ತದೆ.

ಎಪ್ಪತ್ತೇಳು ನಿಮಿಷಗಳ ಈ ಸಂಪುಟವನ್ನು ಇಡಿಯಾಗಿ ಕೇಳಲು ನಾನು ಆರಿಸಿಕೊಂಡಿರುವುದು ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯನ್ನು. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿಬರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ತೊಗರಿಯ ಎರೆಹೊಲಗಳು ಇಕ್ಕೆಲಗಳಲ್ಲಿ ದಿಗಂತದವರೆಗೆ ಹರಡಿ, ಮಹಾಗಾಂವ್ ಕ್ರಾಸ್ ದಾಟಿ, ನೆಲವು ಬಣ್ಣ ಬದಲಿಸಿ ಕಮಲಾಪುರದ ಕೆಂಪು ಮಣ್ಣು ಕಾಣತೊಡಗುವ ಹೊತ್ತಿಗೆ ‘ಕೀ ಟು ದಿ ಹೈವೇ’ ಆರಂಭವಾಗುವುದು ನನಗೆ ಪ್ರಿಯವಾದ ಯೋಗ. ಬಿಗ್ ಬಿಲ್ ಬ್ರೂನ್ಜಿಯಂತಹ ಹಿರಿಯರು ಹಾಡಿದ ಆ ಪದವನ್ನು ವಾದಕರು ಯಾವ ಸಿದ್ಧತೆಯೂ ಇಲ್ಲದೆ ನುಡಿಸತೊಡಗಿದಾಗ ಧ್ವನಿಮುದ್ರಣ ಇನ್ನೂ ಆರಂಭವಾಗಿರಲಿಲ್ಲ. ನಿರ್ಮಾಪಕ ಟಾಮ್ ಡೌಡ್ ಯಂತ್ರವನ್ನು ಚಾಲೂ ಮಾಡೆಂದು ಕೂಗಿದನು. ಆದುದರಿಂದ ಈ ಹಾಡಿಗೆ ಆದಿಯಿಲ್ಲ. ದೂರದಿಂದ ಸಮೀಪಿಸುವಂತೆ ನಾದವು ಮೆಲ್ಲಮೆಲ್ಲನೆ ಏರಿಬಂದು ಕಿವಿಯನ್ನು ತುಂಬುತ್ತದೆ. ಆತುರವೆಂಬುದನ್ನೇ ಅರಿಯದ ಆ ಒಂಬತ್ತೂವರೆ ನಿಮಿಷಗಳಲ್ಲಿ ಇಬ್ಬರು ಗಿಟಾರುವಾದಕರು ಪರಸ್ಪರ ಮಾತನ್ನು ಆಲಿಸಿ, ಒಬ್ಬನು ಮುಗಿಸಿದಲ್ಲಿಂದ ಇನ್ನೊಬ್ಬನು ಎತ್ತಿಕೊಂಡು, ಗೆಲ್ಲುವ ಹಟವಿಲ್ಲದೆ ಸಂಭಾಷಿಸುವರು.

ಆ ಇನ್ನೊಬ್ಬನೇ ಡ್ವೇನ್ ಆಲ್ಮನ್. ಆಗಸ್ಟಿನ ಕೊನೆಯಲ್ಲಿ ಮಯಾಮಿಯ ಸಂಗೀತ ಕಛೇರಿಯೊಂದರಲ್ಲಿ ಕ್ಲಾಪ್ಟನ್ನನ ಕಣ್ಣಿಗೆ ಬಿದ್ದು, ಅತಿಥಿಯಾಗಿ ಬಂದು, ಹನ್ನೊಂದು ಹಾಡುಗಳಲ್ಲಿ ನುಡಿಸಿದನು. ಬೆರಳಿಗೆ ಔಷಧದ ಗಾಜಿನ ಶೀಸೆಯನ್ನು ತೊಟ್ಟು ತಂತಿಯ ಮೇಲೆ ಜಾರಿಸುತ್ತ, ಸ್ವರಗಳ ನಡುವಣ ಅವಕಾಶವನ್ನೆಲ್ಲ ಅವನು ಹಾಡಿಸುವಾಗ, ಸಾರಂಗಿಯ ಮೀಂಡನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಅದು ಪರಕೀಯವೆನಿಸದು. ಮರುವರ್ಷದ ಅಕ್ಟೋಬರಿನಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಮೋಟಾರುಸೈಕಲ್ಲಿನ ಅಪಘಾತದಿಂದ ಅವನು ಮಡಿದನು.

‘ಲೈಲಾ’ದಲ್ಲಿ ಅವನು ನುಡಿಸಿದುದನ್ನು ಕೇಳುವಾಗ ನನಗೆ ನಮ್ಮೂರಿನ ಕವ್ವಾಲಿಯ ನೆನಪಾಗುತ್ತದೆ. ದೆಹಲಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ಇಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಚಿಶ್ತಿ ಪರಂಪರೆಯವರು. ಸಂಗೀತಶ್ರವಣವನ್ನು ಸಾಧನೆಯ ಅಂಗವೆಂದು ಬಗೆದ ಪರಂಪರೆಯದು. ಕವ್ವಾಲಿಯಲ್ಲಿ ಒಂದು ಸಾಲು ಶ್ರೋತೃವೊಬ್ಬನ ಹೃದಯವನ್ನು ತಟ್ಟಿ ಅವನು ಭಾವಪರವಶನಾದರೆ, ಅವನು ತಿಳಿದೇಳುವವರೆಗೂ ಗಾಯಕರು ಆ ಸಾಲನ್ನು ಬಿಡದೆ ಮರಳಿ ಹಾಡುವರು. ಸೂಫಿಗಳಿಗೆ ಮಜನೂವಿನ ಉನ್ಮಾದವು ದೈವೀಪ್ರೇಮಕ್ಕೆ ಸೋಪಾನ. ಕ್ಲಾಪ್ಟನ್ನನ ಪ್ರೇಮವು ಆ ಸೋಪಾನದ ಕೆಳಗಿನ ಮೆಟ್ಟಿಲಿನಲ್ಲಿಯೇ ನಿಂತಿತು, ನಿಜ. ಆದರೂ ‘ಲೈಲಾ’ ಎಂಬ ಹಾಡಿನಲ್ಲಿ ಆಲ್ಮನ್ ಕೊಟ್ಟ ಏಳು ಸ್ವರಗಳ ಆ ಪ್ರಸಿದ್ಧ ಗುಚ್ಛವು ಆಲ್ಬರ್ಟ್ ಕಿಂಗ್ ಎಂಬ ಹಿರಿಯ ಬ್ಲೂಸ್ ಗಾಯಕನ ಹಾಡಿನಿಂದ ಮೂಡಿ, ವೇಗವನ್ನು ಪಡೆದು, ಮತ್ತೆ ಮತ್ತೆ ಮರಳುವಾಗ, ನಾಮಸ್ಮರಣೆಯ ಆವೇಶವೇ ಅಲ್ಲಿ ಮೈದಾಳುತ್ತದೆ. ಅನಂತರ ಪಿಯಾನೋದ ಪ್ರಶಾಂತವಾದ ಉತ್ತರಾರ್ಧವು ಬಂದು, ಕೂಗಿ ದಣಿದ ಜೀವಕ್ಕೆ ವಿಶ್ರಾಂತಿಯನ್ನು ಕೊಡುತ್ತದೆ.

1970ರ ನವೆಂಬರಿನಲ್ಲಿ ಹೊರಬಂದಾಗ ಈ ಸಂಪುಟವನ್ನು ಜನರು ಬಹುವಾಗಿ ಆದರಿಸಲಿಲ್ಲ. ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯನ್ನು ಅದು ಆಗ ಪ್ರವೇಶಿಸಲೇ ಇಲ್ಲ. ‘ಲೈಲಾ’ ಹಾಡು ಜನಮನವನ್ನು ಗೆದ್ದುದು 1972ರಲ್ಲಿ, ತಂಡವು ಒಡೆದುಹೋದ ಮೇಲೆ. ಉಳಿದ ಬಾಳೆಗಳು ಗೊನೆ ಕೊಟ್ಟು ಮುಗಿದ ಮೇಲೆಯೂ ನೆಲದಲ್ಲಿ ನಿಂತು ನಿಧಾನವಾಗಿ ರಸಗೂಡುವ ಕಮಲಾಪುರದ ಕೆಂಪು ಬಾಳೆಯಂತೆ ಕೆಲವು ಕೃತಿಗಳು ತಮ್ಮ ಕಾಲವನ್ನು ತಾವೇ ತೆಗೆದುಕೊಳ್ಳುತ್ತವೆ.

ಇದನ್ನು ಹೊಸದಾಗಿ ಕೇಳಹೊರಟವರು ಪ್ರಖ್ಯಾತವಾದ ‘ಲೈಲಾ’ವೊಂದನ್ನೇ ಆರಿಸಿ ಕೇಳಬಾರದೆಂಬುದು ನನ್ನ ಪ್ರಾರ್ಥನೆ. ಅದು ಸಂಪುಟದ ಹದಿಮೂರನೆಯ ಹಾಡು. ಬೆಸ್ಸಿ ಸ್ಮಿತ್, ಬ್ರೂನ್ಜಿ, ಫ್ರೆಡ್ಡಿ ಕಿಂಗ್, ಹೆಂಡ್ರಿಕ್ಸ್ ಮುಂತಾದವರ ಹಾಡುಗಳಿಗೆ ವಂದಿಸಿದ ಬಳಿಕವೇ ಕ್ಲಾಪ್ಟನ್ ತನ್ನ ಲೈಲಾಳನ್ನು ಕರೆಯುವ ಅಧಿಕಾರವನ್ನು ಪಡೆದನೆಂದು ನಾನು ನಂಬಿದ್ದೇನೆ. ಇಂದು ಕಲಬುರಗಿಯಲ್ಲಿ ಗಿಟಾರನ್ನು ಕೈಗೆತ್ತಿಕೊಳ್ಳುವ ತರುಣರು ಮಯಾಮಿಯ ಸ್ವರಗಳನ್ನು ಅಭ್ಯಾಸ ಮಾಡುವುದು ಸಂತೋಷದ ವಿಷಯ. ಅವರು ಬಂದೇ ನವಾಜರ ಉರುಸಿನ ರಾತ್ರಿಯ ಕವ್ವಾಲಿಯ ಮುಂದೆಯೂ ಮಡಿವಾಳಪ್ಪನವರ ಪದಗಳ ಭಜನೆಯಲ್ಲಿಯೂ ಅಷ್ಟೇ ಶ್ರದ್ಧೆಯಿಂದ ಕುಳಿತು ಕಲಿತರೆ, ಈ ನೆಲದ ವಿರಹವನ್ನು ಈ ನೆಲದ ನುಡಿಯಲ್ಲಿಯೇ ಹಾಡುವ ಸಂಪುಟವೊಂದು ನಮ್ಮಲ್ಲಿಯೂ ಹುಟ್ಟಲು ಯಾವ ಅಡ್ಡಿಯೂ ಇಲ್ಲ.