ಪದ್ಮಿನಿ ಏರಲ್ಲಿ ಯಾಕೆ ನಿಲ್ತಿತ್ತು

ಅಮ್ಮನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ನಮ್ಮ 1984ರ ಪದ್ಮಿನಿ ಕಾರಲ್ಲೇ. ಏರು ಬಂತೆಂದರೆ ಕೆಮ್ಮಿ ನಿಲ್ತಿತ್ತು. ಎಲ್ರೂ ಕಾರ್ಬುರೇಟರ್ ಬಿಚ್ಚಿಸು ಅಂದ್ರು. ನಾನು ಕಾಯಿಲ್ ವೈರು ಕಿತ್ತಿಟ್ಟು, ಪಂಪಿಂದ ಹೋಗೋ ಪೈಪನ್ನ ಬಾಟಲಿಗೆ ಬಿಟ್ಟು, ಮಗನ ಕೈಲಿ ಸೆಲ್ಫ್ ಹೊಡೆಸಿದೆ. ಚಿಮ್ಮಬೇಕಾದ ಪೆಟ್ರೋಲು ತೊಟ್ಟಿಕ್ತು. ಟ್ಯಾಂಕಿಂದ ಬರೋ ರಬ್ಬರ್ ಪೈಪು ಹಲಸಿನ ತೊಳೆಯಂಗೆ ಮೆತ್ತಗಾಗಿ, ಪಂಪು ಎಳೆದಾಗ ಒಳಗೇ ಮುಚ್ಕೊಳ್ತಿತ್ತು. ಪಂಪಿನ ಡಯಾಫ್ರಮ್ಮೂ ಬಿರುಕು. ಇಂಜಿನ್ ಆಯಿಲ್ ಕಡ್ಡಿ ಮೂಸಿದ್ರೆ ಪೆಟ್ರೋಲ್ ವಾಸನೆ.

ಈಗಿನ ಪೆಟ್ರೋಲಲ್ಲಿ ನೂರಕ್ಕೆ 20 ಭಾಗ ಎಥನಾಲ್, ಹಳೇ ರಬ್ಬರಿಗೆ ಆಗಿಬರಲ್ಲ. ನಮ್ಮ ಕಬ್ಬಿಂದಲೂ ಮಾಡ್ತಾರೆ, ಬೈಯೋಕೂ ಆಗಲ್ಲ! ಎಥನಾಲ್ ತಡೆಯೋ ಪೈಪು, ಡಯಾಫ್ರಮ್ ಕಿಟ್ ಹಾಕಿ ಆಯಿಲ್ ಬದಲಾಯಿಸಿದೆ. ಹಳೇ ಗಾಡಿ ಇರೋರು ಪೈಪು ಒಮ್ಮೆ ಹಿಸುಕಿ ನೋಡ್ರಪ್ಪ, ಬಿಸಿ ಇಂಜಿನ್ ಮೇಲೆ ಸೋರಿದ್ರೆ ಬೆಂಕಿ. ಬೀಡಿ ದೂರ ಇಟ್ಟು ನೋಡಿ.