ಹೊಳೆ ಒಪ್ಪಿದರೆ ಹನಕಾಪಿಯಾಯಿ

ಹವಾಯಿಯ ಕವಾಯಿ ದ್ವೀಪದ ಉತ್ತರ ದಂಡೆಯಲ್ಲಿ ಡಾಂಬರು ರಸ್ತೆ ಕೇಏ ಎಂಬ ಕಡಲತೀರಕ್ಕೆ ಬಂದು ಮುಗಿದುಹೋಗುತ್ತದೆ. ಮುಂದೆ ನಾ ಪಾಲಿ. ಸಾವಿರಾರು ಅಡಿ ಎತ್ತರದ ಹಸಿರು ಗೋಡೆಗಳು ಮಡಿಕೆ ಮಡಿಕೆಯಾಗಿ ನೇರ ಶಾಂತಸಾಗರಕ್ಕೆ ಇಳಿದಿವೆ. ರಸ್ತೆ ಮಾಡುವ ಆಸೆಯನ್ನು ಮನುಷ್ಯ ಅಲ್ಲಿಗೇ ಬಿಟ್ಟಿದ್ದಾನೆ. ಉಳಿದಿರುವುದು ಒಂದು ಕಾಲುದಾರಿ. ಅದು 11 ಮೈಲಿ ಸಾಗಿ ಕಲಲಾವು ಕಣಿವೆಯಲ್ಲಿ ನಿಲ್ಲುತ್ತದೆ. ನಮಗೆ ಬೇಕಾದದ್ದು ಅದರ ಮೊದಲ ಎರಡು ಮೈಲಿ ಮಾತ್ರ. ಅಲ್ಲಿಂದ ಹನಕಾಪಿಯಾಯಿ ಹೊಳೆ ಹಿಡಿದು ಇನ್ನೆರಡು ಮೈಲಿ ಒಳಕ್ಕೆ ಹೋದರೆ, ಸುಮಾರು 300 ಅಡಿಯಿಂದ ಧುಮುಕುವ ಜಲಪಾತ. ಹೋಗಿಬರಲು 13 ಕಿಲೋಮೀಟರ್. ಕೇಳುವುದಕ್ಕೆ ಬೆಳಗಿನ ವಾಕಿಂಗಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಡೆಯುವುದಕ್ಕೆ ಇಡೀ ದಿನ.

ಹೊರಗಿನವರು ಇಲ್ಲಿಗೆ ಮುಂಗಡ ಕಾಯ್ದಿರಿಸದೆ ಬರುವಂತಿಲ್ಲ. ಜೊತೆಗಿದ್ದ ಅಣ್ಣನ ಮಗಳು ಅದನ್ನೆಲ್ಲ 30 ದಿನ ಮೊದಲೇ, ಬುಕಿಂಗ್ ತೆರೆದ ಕ್ಷಣದಲ್ಲೇ ಮುಗಿಸಿಟ್ಟಿದ್ದಳು. ಷಟಲ್ ಬಸ್ಸಿಳಿದ ಮೇಲೆ, ದಾರಿಯ ಬಾಯಲ್ಲಿ ಬೂಟು ಉಜ್ಜಿಕೊಳ್ಳಲು ಬ್ರಷ್ ಇಟ್ಟಿದ್ದಾರೆ. ಓಹಿಯಾ ಎಂಬ ಇಲ್ಲಿನ ಮೂಲ ಮರಕ್ಕೆ ಶಿಲೀಂಧ್ರ ರೋಗ ಬಡಿದಿದೆ. ಅದು ಬೂಟಿನ ಮಣ್ಣಿನಲ್ಲೂ ಪಯಣಿಸುತ್ತದೆ. ನಾನು ಅಟ್ಟೆಯ ಸಂದುಗೊಂದನ್ನೆಲ್ಲ ತಿಕ್ಕಿದೆ. ದೇವಸ್ಥಾನದ ಹೊರಗೆ ಕಾಲು ತೊಳೆದು ಅಭ್ಯಾಸವಾದವನಿಗೆ ಇದೇನೂ ಹೊಸತಲ್ಲ.

ಹತ್ತಲು ಶುರುಮಾಡಿದ ಮೇಲೆ ತಮಾಷೆ. ನಾಲ್ಕು ಸಮುದ್ರ ದಾಟಿ ಬಂದರೆ ಎದುರಿಗೆ ನೇರಳೆ ಮರ! ಪಕ್ಕದಲ್ಲಿ ಸೀಬೆ. ಮುಳ್ಳೆಲೆ ಚಾಚಿ, ಬೇರಿನ ಊರುಗೋಲುಗಳ ಮೇಲೆ ನಿಂತಿದ್ದ ಗಿಡವನ್ನು "ಹಲಾ" ಎಂದಳು ಅವಳು. ನಮ್ಮ ಕೇದಗೆಯ ನಂಟನೇ. ನೇರಳೆ, ಸೀಬೆ ಎರಡೂ ಇಲ್ಲಿ ಹೊರಗಿನಿಂದ ಬಂದು ಜಾಗ ಆಕ್ರಮಿಸಿದ ಕಳೆಗಳಂತೆ. ಊರಿನಲ್ಲಿ ಕಲ್ಲೆಸೆದು ಹಣ್ಣು ಬೀಳಿಸಿ ತಿಂದ ಮರವನ್ನು ಕಳೆ ಎಂದು ಕರೆಯಲು ನಾಲಿಗೆ ಏಳಲಿಲ್ಲ.

ಅರ್ಧ ಮೈಲಿ ಏರಿದಾಗ ಮರಗಳು ಸರಿದು ಇಡೀ ದಂಡೆ ಒಮ್ಮೆಗೇ ಕಣ್ಣಿಗೆ ಬಿತ್ತು. ಒಂದರ ಹಿಂದೆ ಒಂದು ಚೂಪು ಬೆಟ್ಟ, ಪ್ರತಿಯೊಂದೂ ತನ್ನ ಮುಂದಿನದಕ್ಕಿಂತ ಒಂದಿಷ್ಟು ನೀಲಿ, ಕೊನೆಯದು ಆಕಾಶವೋ ಕಲ್ಲೋ ತಿಳಿಯದು. ಕೆಳಗೆ ಸಮುದ್ರದ ಬಣ್ಣಕ್ಕೆ ನನ್ನ ಬಳಿ ಹೆಸರಿಲ್ಲ. ಫೋಟೋ ತೆಗೆಯುವವರೆಲ್ಲ ಅಂಚಿನ ಕಡೆಗೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ನಮ್ಮದು ಬೆಟ್ಟದ ಕಡೆಯ ಪಕ್ಕ. ಕೆಂಪು ಮಣ್ಣು ಒದ್ದೆಯಾದರೆ ಸೋಪಿನಷ್ಟೇ ನಂಬಿಕಸ್ಥ.

ಎರಡು ಮೈಲಿ ಮುಗಿದಲ್ಲಿ ಹೊಳೆ ಎದುರಾಗುತ್ತದೆ. ಸೇತುವೆ ಹೋಗಲಿ, ನಮ್ಮ ಮಲೆನಾಡಿನ ಹಳ್ಳಗಳಿಗೆ ಅಡಿಕೆ ಮರ ಉರುಳಿಸಿ ಹಾಕುವಂಥ ಒಂದು ಸಂಕವೂ ಇಲ್ಲ. ಬಂಡೆಯಿಂದ ಬಂಡೆಗೆ ದಾಟಬೇಕು, ಇಲ್ಲವೇ ನೀರಿಗಿಳಿಯಬೇಕು. ಅಂದು ನೀರು ಮೊಣಕಾಲಿನ ಕೆಳಗೇ ಇತ್ತು, ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಆದರೂ ಅವಳು ದಾಟುವ ಮೊದಲು ನಿಂತು ಮೇಲಿನ ಕಣಿವೆಯನ್ನೇ ನೋಡಿದಳು.

"ಇಲ್ಲಿ ಬಿಸಿಲಿದೆಯಲ್ಲ ಪುಟ್ಟಿ, ಇನ್ನೇನು?" ಎಂದೆ.

"ಇಲ್ಲಿನ ಬಿಸಿಲು ಲೆಕ್ಕಕ್ಕಿಲ್ಲ ಚಿಕ್ಕಪ್ಪ. ಅಲ್ಲಿ ಮೇಲೆ ಮೋಡ ಎಷ್ಟು ಕಪ್ಪಾಗಿದೆ ಅನ್ನೋದು ಲೆಕ್ಕ."

ಅವಳ ಮಾತಿಗೆ ಆಧಾರವಿತ್ತು. ದ್ವೀಪದ ನಡುವಿನ ವಯಾಲೆಯಾಲೆ ಶಿಖರ ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲಿ ಒಂದು. ನಮ್ಮ ಆಗುಂಬೆಯನ್ನೂ ಹಿಂದೆ ಹಾಕಿದೆ. ಅದೂ ಮುಂಗಾರಿನ ನಾಲ್ಕು ತಿಂಗಳ ಲೆಕ್ಕವಲ್ಲ. ವಾಣಿಜ್ಯ ಮಾರುತಗಳು ವರ್ಷವಿಡೀ ಸಮುದ್ರದ ತೇವ ಹೊತ್ತು ತಂದು ಬೆಟ್ಟಕ್ಕೆ ಒರಗಿ ಸುರಿಯುತ್ತವೆ. ಹಾಗೆ ಬಿದ್ದ ನೀರಿಗೆ ಕಡಲು ಸೇರಲು ಇರುವ ದಾರಿ ಕೆಲವೇ ಮೈಲಿ, ಅದೂ ಕಡಿದಾದದ್ದು. ತುಂಗೆ ಎರಡು ದಿನ ಯೋಚಿಸಿ ಏರುವುದನ್ನು ಈ ಹೊಳೆ ನಿಮಿಷಗಳಲ್ಲಿ ಏರುತ್ತದೆ. 2014ರ ಏಪ್ರಿಲ್‌ನಲ್ಲಿ ಹೀಗೆ ಏರಿದಾಗ ಆಚೆ ದಡದಲ್ಲಿ ಸಿಕ್ಕಿಕೊಂಡ 121 ಮಂದಿಯನ್ನು ರಕ್ಷಿಸಿ ಕರೆತರಬೇಕಾಯಿತು. 2018ರ ಏಪ್ರಿಲ್‌ನಲ್ಲಿ ಇದೇ ದಂಡೆಯ ವೈಪಾದಲ್ಲಿ 24 ಗಂಟೆಗಳಲ್ಲಿ 1,262 ಮಿಲಿಮೀಟರ್ ಮಳೆ ಸುರಿದು ಅಮೆರಿಕದ ದಾಖಲೆಯಾಯಿತು. ರಸ್ತೆಗಳು ಕುಸಿದು, ಈ ದಾರಿ ಶುರುವಾಗುವ ಉದ್ಯಾನವೇ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. 2019ರಲ್ಲಿ ತೆರೆದಾಗ ದಿನಕ್ಕೆ 900 ಪ್ರವಾಸಿಗರು ಎಂಬ ಮಿತಿ ಬಂತು. ನಮ್ಮ ಮುಂಗಡ ಚೀಟಿಯ ಹಿಂದೆ ಇದ್ದದ್ದೂ ಆ ಮಳೆಯೇ.

ಇಲ್ಲಿ ನಡೆಯುವವರ ಬಾಯಲ್ಲಿರುವ ಕಟ್ಟಳೆ ಸರಳ. ನೀರು ಮೊಣಕಾಲು ಮೀರಿದರೆ ದಾಟಬೇಡ. ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಮೇಲಿನಿಂದ ಗುಡುಗುಡು ಸದ್ದು ಕೇಳಿದರೆ ಎತ್ತರದ ಜಾಗಕ್ಕೆ ಹತ್ತು. ಆಚೆ ದಡದಲ್ಲೇ ಸಿಕ್ಕಿಕೊಂಡೆಯೋ, ಅಲ್ಲೇ ಕೂತುಕೋ. ಬೇಗ ಏರಿದ ಹೊಳೆ ಬೇಗ ಇಳಿಯುತ್ತದೆ. ಹೊಳೆ ಸೇರುವ ಕಡಲತೀರ ನೋಡಲು ಚೆಲುವೆ. ಆದರೆ ಕಾವಲಿನವರಿಲ್ಲ, ಸುಳಿ ಸೆಳೆತ ಬಲವಾದದ್ದು, ಸೆಳೆದೊಯ್ದರೆ ದಡ ಹತ್ತಲು ಎರಡೂ ಬದಿ ಬರೀ ಬಂಡೆಗೋಡೆ. ಚಳಿಗಾಲದ ಅಲೆಗಳು ಮರಳನ್ನೇ ಹೊತ್ತೊಯ್ದು ಕಲ್ಲುಗುಂಡು ಮಾತ್ರ ಬಿಡುತ್ತವಂತೆ. ನಾವು ಅಲೆಗೆ ಕಾಲು ಸಹ ಕೊಡಲಿಲ್ಲ.

ಒಳಗಿನ ಎರಡು ಮೈಲಿ ಬೇರೆಯೇ ಲೋಕ. ಕಡಲ ಸದ್ದು ಹಿಂದೆ ಬಿದ್ದು ಬಿದಿರು ಮೆಳೆ ಕಿರುಗುಟ್ಟುತ್ತದೆ. ಕಾಡಿನ ನಡುವೆ ಪಾಚಿಗಟ್ಟಿದ ಕಲ್ಲಿನ ಕಟ್ಟೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ಹವಾಯಿಯ ಜನ ಹೊಳೆ ತಿರುಗಿಸಿ ಕೆಸುವು ಬೆಳೆಯುತ್ತಿದ್ದ ಗದ್ದೆಗಳು. ಕರಾವಳಿಯವರಿಗೆ ಎಲೆಯ ಪತ್ರೊಡೆಯಲ್ಲಿ ಗೊತ್ತಿರುವ ಗಿಡ, ಇಲ್ಲಿ ಗಡ್ಡೆ ಬೇಯಿಸಿ ಜಜ್ಜಿ ಪೋಯಿ ಮಾಡಿ ಉಂಡವರ ನಿತ್ಯದ ಅನ್ನ. ಗದ್ದೆ ಮಾಡಿದವರು ಹೋದರು, ಕಟ್ಟೆ ಅಲುಗಿಲ್ಲ. ವಿಷದ ಹಾವಿಲ್ಲದ ಕಾಡು ಇದು. ತರಗೆಲೆ ಸರಕ್ ಎಂದರೆ ಕೋಳಿ! ದ್ವೀಪದ ತುಂಬ ಕಾಡಾಡಿ ಕೋಳಿಗಳು. ಆದರೆ ಹೊಳೆನೀರು ಕುಡಿಯುವಂತಿಲ್ಲ, ಗಾಯವಿದ್ದರೆ ಇಳಿಯುವಂತೆಯೂ ಇಲ್ಲ. ನಮ್ಮಲ್ಲಿ ಗದ್ದೆ ಕೆಲಸದವರನ್ನು ಕಾಡುವ ಇಲಿಜ್ವರ ಇಲ್ಲಿಯೂ ಇದೆ. ದಾರಿ ಮತ್ತೆ ಮತ್ತೆ ಹೊಳೆ ದಾಟುತ್ತದೆ, ಅಲ್ಲಲ್ಲಿ ತಪ್ಪಿಹೋದಂತೆ ನಟಿಸುತ್ತದೆ, ಬೇರುಗಳ ನಡುವೆ ಮತ್ತೆ ಸಿಗುತ್ತದೆ.

ಆಮೇಲೆ ಒಂದು ತಿರುವಿನಲ್ಲಿ ಗಾಳಿ ತಣ್ಣಗಾಯಿತು. ಮೂರು ಕಡೆಯೂ ಕಪ್ಪು ಗೋಡೆ, ಗೋಡೆಗೆ ಜರಿಗಿಡದ ಪರದೆ, ನಡುವೆ ನೀರು. ಧೋ ಎಂದು ಬೀಳುವ ನಮ್ಮ ಜೋಗದ ರಾಜನ ಗತ್ತಲ್ಲ ಇದು. ಸಣಕಲು ಬಿಳಿ ನೂಲು, ಅರ್ಧ ದಾರಿಯಲ್ಲಿ ಗಾಳಿ ಎಳೆದಾಡಿದತ್ತ ವಾಲಿ, ಹನಿಹನಿಯಾಗಿ ಒಡೆದು, ಕೊನೆಗೆ ಹಸಿರು ಮಡುವಿಗೆ ಮಳೆಯಾಗಿ ಸೇರುತ್ತದೆ. ತಲೆ ಎತ್ತಿ ನೋಡುತ್ತಿದ್ದರೆ ನೀರು ಬೀಳುತ್ತಿದೆಯೋ, ನಾವೇ ಏರುತ್ತಿದ್ದೇವೆಯೋ ಎಂಬ ಭ್ರಮೆ. ಬಾಯಿ ತೆರೆದುಕೊಂಡೇ ಇದ್ದೆ. ಮುಖವೆಲ್ಲ ತೊಯ್ದದ್ದು ಆಮೇಲೆ ಗೊತ್ತಾಯಿತು.

ಬುಡದವರೆಗೆ ಹೋಗಲಿಲ್ಲ. ನೀರಿನ ಜೊತೆ ಮೇಲಿನಿಂದ ಕಲ್ಲೂ ಬೀಳುತ್ತದೆ ಎಂಬ ಎಚ್ಚರಿಕೆ ಫಲಕವಿದೆ. ಮಡುವಿನ ಸುತ್ತ ಬಿದ್ದಿದ್ದ ಹೊಸ ಮುರುಕಿನ ಚೂಪು ಕಲ್ಲುಗಳು ಅದಕ್ಕೆ ಸಾಕ್ಷಿ. ಕವಾಯಿಗೆ ವಯಸ್ಸು ಸುಮಾರು 50 ಲಕ್ಷ ವರ್ಷ. ಕಲ್ಲಿನ ಲೆಕ್ಕದಲ್ಲಿ ಕೂಸು. ಉಕ್ಕಿ ತಣಿದ ಲಾವಾ, ನೀರಿನ ಕೈಗೆ ಸುಲಭವಾಗಿ ಸಿಗುವಂಥದ್ದು. ಇದೇ ದ್ವೀಪದ ಪೂರ್ವದಲ್ಲಿ, ವೈಲುವಾ ನದಿಯ ಬಳಿ, ಇರೈವನ್ ಎಂಬ ಶಿವಾಲಯವಿದೆ. ಅದಕ್ಕೆ ಇಲ್ಲಿನ ಕಲ್ಲು ಬಳಸಲಿಲ್ಲ. ಬೆಂಗಳೂರಿನ ಹೊರಗೆ ಶಿಲ್ಪಿಗಳು 1990ರಿಂದ ಉಳಿಯಲ್ಲಿ ಕೆತ್ತಿದ ಬಿಳಿ ಗ್ರಾನೈಟನ್ನು ಹಡಗಿನಲ್ಲಿ ತಂದು ಜೋಡಿಸಿ, 2023ರಲ್ಲಿ ಕುಂಭಾಭಿಷೇಕ ಮಾಡಿದರು. ಇಷ್ಟು ದೂರ ಅಷ್ಟು ಭಾರ ಏಕೆ ಹೊತ್ತು ತಂದರು ಎಂದು ಹಿಂದಿನ ದಿನ ಅಲ್ಲಿ ನಿಂತಾಗ ಅನ್ನಿಸಿತ್ತು. ಜಲಪಾತದ ಎದುರು, ಅಂಗೈಯಲ್ಲಿ ಪುಡಿಯಾಗುವ ಕರಿಕಲ್ಲಿನ ಚೂರು ಹಿಡಿದಾಗ ಅನ್ನಿಸಲಿಲ್ಲ.

ಮರಳುವಾಗ ಬಿದಿರು ಮೆಳೆಯ ಹತ್ತಿರ ತೆಳು ಮಳೆ ಹಿಡಿಯಿತು. ಕೊನೆಯ ದಾಟಿನಲ್ಲಿ ನೀರು ಬೆಳಗಿಗಿಂತ ನಾಲ್ಕು ಬೆರಳು ಹೆಚ್ಚು, ಬಣ್ಣ ಬದಲಾಗಿರಲಿಲ್ಲ. ದಾಟಿದೆವು. ಈಚೆ ದಡದಲ್ಲಿ ರಬ್ಬರ್ ಚಪ್ಪಲಿ ತೊಟ್ಟ ಇಬ್ಬರು ಯುವಕರು, ಇನ್ನೆಷ್ಟು ದೂರ ಎಂದು ಕೇಳಿದರು. ಗಂಟೆ ಎರಡೂವರೆ. ಅಣ್ಣನ ಮಗಳು ದೂರ ಹೇಳಲಿಲ್ಲ. ಕೊನೆಯ ಷಟಲ್‌ನ ಹೊತ್ತು ಹೇಳಿದಳು, ಮೇಲಿನ ಮೋಡ ತೋರಿಸಿದಳು. ಒಬ್ಬ ಚಪ್ಪಲಿ ನೋಡಿಕೊಂಡು ಬಂಡೆಯ ಮೇಲೆ ಕೂತುಬಿಟ್ಟ. ಇನ್ನೊಬ್ಬ ಅವನನ್ನು ಒಲಿಸುತ್ತಲೇ ಇದ್ದ, ನಾವು ಏರು ಹತ್ತಿ ಅವರ ಮಾತು ಕೇಳಿಸದಾಗುವವರೆಗೂ.